ಯಾವಾಗ ಮಾಡಿದ್ದು?

ಚಿಕ್ಕಪ್ಪನ ಮಗಳ ರಿಸೆಪ್ಷನ್ ದಿನ ಬೆಂಗಳೂರಿನಲ್ಲಿ ಸಂಜೆ ಐದಕ್ಕೇ ಮಳೆ ಹಿಡಿಯಿತು. ಅಡುಗೆ ಹೇಳಿದ್ದು 600 ಜನಕ್ಕೆ. ಒಂಬತ್ತಾದರೂ ಊಟಕ್ಕೆ ಕೂತವರು 350 ದಾಟಿರಲಿಲ್ಲ. ಭಟ್ಟರು ಎಂಟೂವರೆಗೆ ಇಳಿಸಿದ್ದ ಎರಡನೇ ಸಲದ ಬಿಸಿಬೇಳೆಬಾತ್ ಮುಚ್ಚಳ ಕೂಡ ತೆಗೆಯದೆ ಕೂತಿತ್ತು.

2012ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಒಂದು ಲೆಕ್ಕ ಹಾಕಿದ್ದರು. ಈ ಊರಿನ ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಊಟ ಹಾಳಾಗುತ್ತೆ ಅಂತ. ಓದಿದಾಗ ಅದೆಲ್ಲ ಬೇರೆಯವರ ಮನೆ ಮದುವೆ ಅಂದುಕೊಂಡಿದ್ದೆ.

ಮಿಕ್ಕ ಊಟ ಒಯ್ದು ಹಂಚುವ ಹುಡುಗರ ನಂಬರನ್ನು ಗೆಳೆಯ ಕೊಟ್ಟ. ಫೋನ್ ಮಾಡಿದರೆ ಖುಷಿಪಡ್ತಾರೆ ಅನ್ನೋ ಗತ್ತು ನನಗೆ. ಆ ಕಡೆಯ ಹುಡುಗಿ ಮೊದಲು ಕೇಳಿದ್ದೇ, "ಯಾವಾಗ ಮಾಡಿದ್ದು ಸರ್?" ಆಮೇಲೆ ಎಷ್ಟು ಜನಕ್ಕಾಗುತ್ತೆ, ಬಡಿಸೋ ಟೇಬಲ್‌ಗೆ ಹೋಗಿತ್ತಾ, ಕಾಯಿ ಹಾಕಿದ್ದು ಯಾವುದು, ಕೊಡೋಕೆ ಪಾತ್ರೆ ಇದೆಯಾ. ಅವರು ಅತಿ ಮಾಡ್ತಿದ್ದಾರೆ ಅನ್ನಿಸಿ ಸ್ವಲ್ಪ ಸಿಟ್ಟೂ ಬಂತು. ಮಿಕ್ಕ ಊಟ ಹಂಚುವುದಕ್ಕೂ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2019ರಲ್ಲೇ ನಿಯಮ ಮಾಡಿದೆ ಅಂತ ಆಮೇಲೆ ಗೊತ್ತಾಯಿತು.

ಭಟ್ಟರು ಗೊಣಗಿದರು. "ಏಳು ಗಂಟೆಗೇ ಹೇಳಿದ್ರೆ ಎರಡನೇ ಒಲೆನೇ ಹಚ್ತಿರ್ಲಿಲ್ಲ." ನಿಜವೇ. ಆದರೆ ಏಳು ಗಂಟೆಗೆ 'ಜನ ಬರಲ್ಲ' ಅಂತ ಬಾಯಿಬಿಟ್ಟು ಹೇಳೋ ಧೈರ್ಯ ಹುಡುಗಿ ಮನೆಯವರಿಗೆ ಎಲ್ಲಿಂದ ಬರಬೇಕು?

ಛತ್ರದ ಪಾತ್ರೆ ಹೊರಗೆ ಹೋಗುವಂತಿಲ್ಲ. ಕೊನೆಗೆ ಚಕ್ಕುಲಿ ತಂದಿದ್ದ ಸ್ಟೀಲ್ ಡಬ್ಬಗಳನ್ನೇ ಖಾಲಿ ಮಾಡಿ, ಬಿಸಿನೀರಲ್ಲಿ ತೊಳೆದು ತುಂಬಿಸಿದೆವು. "ಡಬ್ಬ ವಾಪಸ್ ಬರ್ಬೇಕು ನೋಡು," ಅಂದರು ಚಿಕ್ಕಮ್ಮ. ಅದಕ್ಕೇ ನಾನೂ ಜೊತೆಗೆ ಹೊರಟೆ. ಕೋಸಂಬರಿ, ಕಾಯಿ ಚಟ್ನಿ ಅಲ್ಲೇ ಉಳಿದವು. ಹುಡುಗರು ಮುಟ್ಟಲೂ ಇಲ್ಲ.

ಓಮ್ನಿ ನಿಂತಿದ್ದು ಹೊಸ ಅಪಾರ್ಟ್‌ಮೆಂಟಿನ ಹಿಂದಿನ ತಗಡಿನ ಶೆಡ್‌ಗಳ ಹತ್ತಿರ. ರಾಯಚೂರು, ಯಾದಗಿರಿ ಕಡೆಯ ಕೆಲಸಗಾರರು. ಹೊರಗೆ ಕೆಸರು, ಒಂದೇ ಬಲ್ಬು. ಹತ್ತೂಕಾಲು ಆಗಿತ್ತು, ಕೆಲವರು ಮಲಗಿಯೂ ಬಿಟ್ಟಿದ್ದರು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡ ಹೆಂಗಸೊಬ್ಬಳು ಡಬ್ಬದ ಹತ್ತಿರ ಬಂದಳು. ಪಾತ್ರೆ ಮಾತ್ರ ಮುಂದೆ ಚಾಚಲಿಲ್ಲ.

"ಅಣ್ಣಾ, ಯಾವಾಗ ಮಾಡೀರಿ ಇದು?"

ನಾನು ಗಡಬಡಿಸಿದೆ.

"ಹೋದ ಸಲ ಯಾರೋ ತಂದು ಕೊಟ್ಟಿದ್ರು. ಉಂಡು ಈ ಹುಡುಗ ಎರಡು ದಿನ ಮಲಗಿದ್ದ."

"ಎಂಟೂವರೆಗೆ," ಅಂದೆ. "ಯಾರೂ ಮುಟ್ಟಿಲ್ಲ."

ಮುಚ್ಚಳ ತೆಗೆಸಿದಳು. ಬಗ್ಗಿ ಮೂಸಿದಳು. ಡಬ್ಬದ ಹೊರಮೈಗೆ ಅಂಗೈ ಒತ್ತಿ ನೋಡಿದಳು. ಆಮೇಲೆ ಶೆಡ್ ಕಡೆ ತಿರುಗಿ ಕೂಗಿದಳು.

"ಬರ್ರೀ, ಬಿಸಿ ಐತಿ."