ನಡೆಯೋ ಕಾಲಿಗೊಂದು ಕವಚ

ನಮ್ದು ಸಾಗರದಲ್ಲಿ ಒಂದು ಚಿಕ್ಕ ಶೆಡ್ಡು, ಕೆಲಸ ಮಾಡೋದು ಅಪ್ಪ ನಾನು ಇಬ್ಬರೇ. ಬೆಳ್ಳಿ ಕವಚ, ಪ್ರಭಾವಳಿ, ಗರ್ಭಗುಡಿ ಬಾಗಿಲಿಗೆ ಹಿತ್ತಾಳೆ ತಗಡು ಹೊದಿಸೋದು, ಹೀಗೆ ಎಲ್ಲ ದೇವಸ್ಥಾನದ ಕೆಲಸಾನೇ. ಹೋದ ವರ್ಷ ಶ್ರಾವಣದಲ್ಲಿ ಪರಿಚಯದವರ ಮಗಳು ಬಂದು ಬೆಂಚ್ ಮೇಲೆ ಕೂತು ಬಲಗಾಲಿನ ಪ್ಯಾಂಟ್ ಮೇಲಕ್ಕೆ ಮಡಚಿದ್ಳು. ಬೈಕ್ ಆಕ್ಸಿಡೆಂಟಲ್ಲಿ ಮೊಣಕಾಲಿನ ಕೆಳಗೆ ಕಾಲು ಹೋಗಿ ಎರಡು ವರ್ಷ ಆಗಿತ್ತು. ಅಲ್ಲೀಗ ಕೃತಕ ಕಾಲು: ಮೇಲೆ ಉಳಿದ ಕಾಲು ಕೂರೋ ಸಾಕೆಟ್ಟು, ಕೆಳಗೆ ರಬ್ಬರ್ ಪಾದ, ಮಧ್ಯ 30 ಎಂಎಂ ಪೈಪು. ಆ ಪೈಪಿಗೆ ಹಾಕೋಕೆ ಅಂತ ಚರ್ಮದ ಬಣ್ಣದ ಫೋಮ್ ಕೊಟ್ಟಿದ್ರಂತೆ, ಅವ್ಳು ಅದನ್ನ ಒಂದು ತಿಂಗಳು ಹಾಕ್ಕೊಂಡು ಬಿಚ್ಚಿಟ್ಟಿದ್ಳು. "ಅಣ್ಣಾ, ದೇವರಿಗೆ ಮಾಡ್ತೀರಲ್ಲ ಕವಚ, ಅಂಥದ್ದು ಇದಕ್ಕೊಂದು ಮಾಡ್ಕೊಡ್ತೀರಾ? ಭೂಮಿ ಹುಣ್ಣಿಮೆಗೆ ಗದ್ದೆ ಪೂಜೆಗೆ ಹೋಗ್ಬೇಕು ನಾನು" ಅಂದ್ಳು.

ಅಪ್ಪ ಒಂದು ಮಾತೂ ಆಡ್ದೆ ಕಾಗದ ತಗೊಂಡು ಅಳತೆಗೆ ಕೂತ್ರು. ನಾವು ವಿಗ್ರಹಕ್ಕೂ ಹಾಗೇ ಅಳತೆ ತಗೊಳ್ಳೋದು, ಕಾಗದ ಒತ್ತಿ ಹಿಡಿದು, ಮೂರು ಮೂರು ಸೆಂಟಿಮೀಟರಿಗೆ ಸುತ್ತಳತೆ ಗುರುತು ಹಾಕ್ಕೊಂಡು. ಇಲ್ಲಿ ಬಲಗಾಲಿಗೆ ಆಕಾರ ಬೇಕು, ಇರೋದು ಎಡಗಾಲು. ಮೀನಖಂಡ ಒಳಗಡೆ ಉಬ್ಬೋದೇ ಬೇರೆ ಹೊರಗಡೆ ಉಬ್ಬೋದೇ ಬೇರೆ, ಎಡದ್ದನ್ನ ಹಾಗೇ ತಗೊಂಡ್ರೆ ಎರಡೂ ಎಡಗಾಲಾಗ್ತವೆ. ಅಪ್ಪ ಎಡಗಾಲಿನ ಕಾಗದ ಕತ್ತರಿಸಿ ಮಗುಚಿ ಹಾಕಿದ್ರು, ಅಷ್ಟೇ, ಬಲಗಾಲಾಯ್ತು.

ಕಾಲು ಮಾಡ್ಕೊಟ್ಟ ಟೆಕ್ನಿಷಿಯನ್‌ಗೆ ಅವಳ ಫೋನಿಂದಾನೇ ಮಾತಾಡಿದೆ. ಅವ್ರು ಹೇಳಿದ್ದನ್ನ ಗೋಡೆ ಮೇಲೆ ಬರ್ಕೊಂಡಿದ್ದೆ: ಸಾಕೆಟ್ಟಿಗಾಗ್ಲಿ ಪೈಪಿಗಾಗ್ಲಿ ತೂತು ಹಾಕಂಗಿಲ್ಲ, ಭಾರ ಹೊರೋದೆಲ್ಲ ಅವೇ. ಪೈಪಿನ ಎರಡೂ ತುದೀಲಿ ನಾಲ್ಕು ನಾಲ್ಕು ಚಿಕ್ಕ ಸ್ಕ್ರೂ ಇರ್ತವೆ, ಕಾಲಿನ ಓರೆ ಸರಿಮಾಡೋಕೆ, ಅಲ್ಲಿಗೆ ಕೀಲಿ ಹೋಗ್ಬೇಕು. ಮೊಣಕಾಲಿನ ಹಿಂದೆ ಜಾಗ ಬಿಡ್ಬೇಕು, ಇಲ್ದಿದ್ರೆ ಕೂರೋಕಾಗಲ್ಲ. ಹಾಗಾಗಿ ಮುಂದೊಂದು ಹಿಂದೊಂದು ಎರಡು ಹೋಳು ಮಾಡಿ, ಒಂದು ಕಡೆ ಕೀಲು, ಇನ್ನೊಂದು ಕಡೆ ಬಳೆಗೆ ಹಾಕ್ತೀವಲ್ಲ ಅಂಥ ತಿರುಪು ಇಟ್ವಿ. ಒಳಗೆ ಪೈಪನ್ನ ತಬ್ಬಿ ಹಿಡಿಯೋ ಒಂದು ಕ್ಲಾಂಪು. ತಿರುಪು ಬಿಚ್ಚಿದ್ರೆ ಪುಸ್ತಕದ ಥರ ತೆರ್ಕೊಳತ್ತೆ.

ಮೊದಲ್ನೇದು 22 ಗೇಜ್ ದಪ್ಪದ ಹಿತ್ತಾಳೆಲಿ. ಅರಗಿನ ಮೇಲೆ ತಗಡು ಕೂರಿಸಿ ನಮಗೆ ಗೊತ್ತಿರೋ ಬಳ್ಳಿ, ಹಂಸ ಎಲ್ಲಾ ಉಬ್ಬಿಸಿದ್ವಿ, ಹದಿನಾಲ್ಕು ದಿನದ ಕೆಲಸ, ಹುಣಸೆಹಣ್ಣಲ್ಲಿ ತಿಕ್ಕಿದ್ಮೇಲೆ ನಿಜವಾಗ್ಲೂ ಚೆನ್ನಾಗಿತ್ತು. ಅವ್ಳು ಹಾಕ್ಕೊಂಡು ಶೆಡ್ಡಲ್ಲಿ ಆ ಕಡೆ ಈ ಕಡೆ ನಾಲ್ಕು ಸುತ್ತು ಹಾಕಿ ಬಂದು ಕೂತು ತಾನೇ ತಿರುಪು ಬಿಚ್ಚಿದ್ಳು. "ಚೆನ್ನಾಗಿದೆ ಅಣ್ಣಾ" ಅಂದ್ಳು, ಮತ್ತೇನೂ ಹೇಳ್ಲಿಲ್ಲ. ತಕ್ಕಡಿಗೆ ಹಾಕಿ ನೋಡಿದ್ರೆ 580 ಗ್ರಾಂ. ಕೈಲಿ ಹಿಡಿದ್ರೆ ಅದೇನು ಭಾರ ಅನ್ಸಲ್ಲ, ಆದ್ರೆ ಒಂದೊಂದು ಹೆಜ್ಜೆಗೂ ತೊಡೆಯಿಂದ ಅದನ್ನ ಎತ್ತಿ ಮುಂದಕ್ಕೆ ಬೀಸ್ಬೇಕಲ್ಲ, ಅದೂ ಅಲ್ದೆ ಉಳಿದಿರೋ ಗಿಡ್ಡ ಕಾಲನ್ನ ಹಿಡ್ಕೊಂಡಿರೋ ಸಾಕೆಟ್ಟನ್ನ ಆ ತೂಕ ಕೆಳಗೆ ಎಳೀತಾ ಇರತ್ತೆ. ನಮ್ಮ ದೇವ್ರು ಇದ್ದಲ್ಲೇ ಇರ್ತಾನೆ. ಕವಚ ತೂಕ ಇದ್ದಷ್ಟೂ ಭಕ್ತರಿಗೆ ಸಂತೋಷ. ಹೊತ್ಕೊಂಡು ನಡೆಯೋರ ಲೆಕ್ಕ ನಾವು ಯಾವತ್ತೂ ಹಾಕಿರ್ಲಿಲ್ಲ.

ಅಲ್ಯೂಮಿನಿಯಂ ಅಂದ್ರೆ ಅಪ್ಪಂಗೆ ಸಿಟ್ಟು ಬಂತು. ಅದು ಪಾತ್ರೆ ಮಾಡೋ ಲೋಹ, ಅದರಲ್ಲಿ ಕುಸುರಿ ಮಾಡ್ತಾರಾ ಅಂತ. ತೂಕ ಹಿತ್ತಾಳೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಅಂದ್ರೂ ಕೇಳ್ಲಿಲ್ಲ. ರಾತ್ರಿ ಮೊಬೈಲಲ್ಲಿ ಹುಡುಕ್ತಾ ಹುಡುಕ್ತಾ ಇಟಲಿಯ ಕಾಪುವಾದಲ್ಲಿ ಸಮಾಧಿಯೊಳಗೆ ಸಿಕ್ಕ ಕಾಲಿನ ಬಗ್ಗೆ ಓದಿದೆ, ಕ್ರಿ.ಪೂ. 300ರ ಸುಮಾರಿಂದು, ಮರದ ಕಾಲಿಗೆ ಕಂಚಿನ ತಗಡು ಹೊದಿಸಿದ್ದು, ನಾವು ಬಾಗಿಲಿಗೆ ಹೊದಿಸಿದ ಹಾಗೇನೇ. ಲಂಡನ್ನಿನ ಮ್ಯೂಸಿಯಮಲ್ಲಿ ಇಟ್ಟಿದ್ರು, 1941ರ ಬಾಂಬ್ ದಾಳೀಲಿ ಹಾಳಾಗೋಯ್ತು, ನಂಗೆ ತುಂಬಾ ಸಂಕಟ ಆಯ್ತು ಓದಿ. ಆದ್ರೆ ಅಪ್ಪನ್ನ ಒಪ್ಪಿಸಿದ್ದು ಜೈಪುರದ ಕಥೆ. ಜೈಪುರ ಕಾಲು ಅನ್ನೋ ಕೃತಕ ಕಾಲು 1968ರ ಹೊತ್ತಿಗೆ ಶುರುವಾಗಿದ್ದು, ಡಾಕ್ಟರ್ ಪಿ.ಕೆ. ಸೇಠಿ ಅವರ ಜೊತೆ ಅದನ್ನ ರೂಪಿಸಿದವ್ರು ರಾಮಚಂದ್ರ ಶರ್ಮ, ಅವ್ರು ಡಾಕ್ಟರ್ ಅಲ್ಲ, ನಮ್ಮಂಗೆ ಕೈಕೆಲಸದವ್ರು. ಆಗ ಮೊಣಕಾಲಿನ ಕೆಳಗಿನ ಕೊಳವೆ ಪೂರ್ತಿ ಅಲ್ಯೂಮಿನಿಯಂ ತಗಡು, ಅಲ್ಲಿನ ಕೆಲಸಗಾರರು ಸುತ್ತಿಗೇಲಿ ಬಡಿದು ಮಾಡ್ತಿದ್ರು, ಪ್ಲಾಸ್ಟಿಕ್ ಪೈಪ್ ಬಂದಿದ್ದು ಆಮೇಲೆ. ಬೆಳಗ್ಗೆ ಇದನ್ನ ಹೇಳ್ದಾಗ ಅಪ್ಪ ಕಾಫಿ ಲೋಟ ಕೆಳಗಿಟ್ಟು "ಬಡಿದೇ ಮಾಡ್ತಿದ್ರಾ?" ಅಂತ ಎರಡು ಸಲ ಕೇಳಿದ್ರು, ಹತ್ತು ಗಂಟೆಗೆ ತಗಡು ತರೋಕೆ ಅವ್ರೇ ಹೊರಟ್ರು.

ಹೊಸ ಲೋಹದ ಹದ ಕಲಿಯೋಕೆ ನಾಲ್ಕು ತುಂಡು ಹಾಳಾದ್ವು. ಬೆಳ್ಳಿ ಕಾಯಿಸಿದ್ರೆ ಮಂದ ಕೆಂಪಾಗತ್ತೆ, ಕಣ್ಣಿಗೆ ಗೊತ್ತಾಗತ್ತೆ. ಅಲ್ಯೂಮಿನಿಯಂ ಯಾವ ಬಣ್ಣಾನೂ ತೋರಿಸ್ದೆ 660 ಡಿಗ್ರಿಗೆ ದಪ್ ಅಂತ ಕುಸಿದುಬಿಡತ್ತೆ. ಇದಕ್ಕೆ ಉಪಾಯ ಬಟ್ಟೆ ಸೋಪು. ಸೋಪಿಂದ ತಗಡಿನ ಮೇಲೆ ಗೆರೆ ಎಳೆದು ಹಿಂದಿನಿಂದ ಬೆಂಕಿ ತೋರಿಸ್ಬೇಕು, ಗೆರೆ ಕಂದು ಆಗಿ ಕಪ್ಪಿಗೆ ತಿರುಗ್ತಿದ್ದ ಹಾಗೆ ಬೆಂಕಿ ತೆಗೀಬೇಕು, ಆಗ ತಗಡು ಮೆತ್ತಗಾಗಿರತ್ತೆ, ಬಡೀಬಹುದು. ಬಡೀತಾ ಬಡೀತಾ ಮತ್ತೆ ಗಟ್ಟಿ ಆಗತ್ತೆ, ಮತ್ತೆ ಸೋಪು, ಮತ್ತೆ ಬೆಂಕಿ.

ಚಿತ್ತಾರ ಈ ಸಲ ಅವಳದ್ದೇ. ಅವ್ರು ದೀವರ ಸಮುದಾಯದವ್ರು, ಅವಳ ಅಜ್ಜಿ ಹಸೆ ಚಿತ್ತಾರ ಬರೀತಾರೆ, ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ, ಸ್ಕೇಲೇ ಇಲ್ದೆ ಅಷ್ಟು ನೇರ ಗೆರೆ. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯೋ ಭೂಮಣ್ಣಿ ಬುಟ್ಟಿ ಮೇಲೂ ಅದನ್ನೇ ಬರೆಯೋದು. ಹಳೇ ಬುಟ್ಟಿ ಒಂದು ತಂದುಕೊಟ್ಲು. ಅದನ್ನ ನೋಡಿ ಉಬ್ಬು ಕೆಲಸ ಬೇಡ, ಗೆರೆ ಮಾತ್ರ ಬಿಟ್ಟು ಉಳಿದಿದ್ದನ್ನ ಸಣ್ಣ ಗರಗಸದಲ್ಲಿ ಕೊರೆದು ತೆಗೆಯೋದು ಅಂತ ತೀರ್ಮಾನ ಮಾಡಿದ್ವಿ. ತೂಕ ಇನ್ನೂ ಇಳೀತು. ಅಂಚನ್ನೆಲ್ಲ ತಂತಿ ಮೇಲೆ ಮಡಚಿ ಒಂದೊಂದು ಕಿಂಡಿನೂ ಅರದಲ್ಲಿ ಉಜ್ಜಿ ನನ್ನ ಬೆರಳಲ್ಲೇ ಸವರಿ ನೋಡ್ದೆ, ಸೀರೆ ದಾರ ಸಿಕ್ಕಿ ಬಿದ್ದುಬಿಟ್ರೆ ಅನ್ನೋ ಭಯ.

ಹಾಕ್ಕೊಂಡು ನಡೆದ್ರೆ ಟಕ್ ಟಕ್ ಶಬ್ದ. ತಗಡು ಕ್ಲಾಂಪಿಗೆ ತಾಗ್ತಿತ್ತು. ಒಳಗೆ ಏನಾದ್ರೂ ಮೆತ್ತಗಿರೋದು ಹಾಕ್ಬೇಕು ಅಂತ ಪೇಟೆಗೆ ಹೋದೆ, ಅಂಗಡೀಲಿ ಹಸಿರು ಫೆಲ್ಟೂ ಇತ್ತು ಕೆಂಪೂ ಇತ್ತು, ಕೆಂಪು ತಂದೆ. ಅಂಟಿಸ್ಲಿಲ್ಲ, ಬೆವರಿಗೆ ತೊಳೀಬೇಕಾಗತ್ತೆ ಅಂತ ವೆಲ್ಕ್ರೋ ಹಾಕ್ದೆ. ಮುಚ್ಚಿ ತಿರುಪು ಬಿಗಿ ಮಾಡಿ ನಿಲ್ಲಿಸಿದ್ರೆ ಕಿಂಡಿಯಲ್ಲೆಲ್ಲ ಕೆಂಪು, ಮೇಲೆ ಬಿಳಿ ಗೆರೆ, ಅವರ ಮನೆ ಗೋಡೆ ಹಾಗೇ! ಅಜ್ಜಿ ಬಂದು ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿ "ಇಲ್ಲೊಂದು ಎಳೆ ತಪ್ಪೈತಲ್ಲ ಆಚಾರ್ರೇ" ಅಂತ ಅಪ್ಪಂಗೆ ತೋರಿಸಿದ್ರು. ನಿಜ, ಹಿಂಬದೀಲಿ ಒಂದು ಗೆರೆ ಕಡಿಮೆ ಇತ್ತು. ಅದನ್ನ ಸೇರಿಸೋಕೆ ಇನ್ನು ಆಗಲ್ಲ, ಕೊರೆದುಬಿಟ್ಟಾಗಿದೆ. ಫೆಲ್ಟೂ ಕ್ಲಾಂಪೂ ಎಲ್ಲಾ ಸೇರಿ ತೂಕ 230 ಗ್ರಾಂ.

ಭೂಮಿ ಹುಣ್ಣಿಮೆ ದಿನ ಬೆಳಕು ಹರಿಯೋ ಮುಂಚೆ ಬದುವಿನ ಮೇಲೆ ನಡ್ಕೊಂಡು ಹೋದ್ಲಂತೆ. ನಾನು ನೋಡಿಲ್ಲ, ಫೋಟೋ ಕಳಿಸಿದ್ಳು, ಕತ್ತಲಲ್ಲಿ ಸರಿಯಾಗಿ ಕಾಣಲ್ಲ.

ಈಗ ಮಳೆ ಹಿಡ್ಕೊಂಡಿದೆ. ಮೊನ್ನೆ ಫೋನ್ ಮಾಡಿ ಫೆಲ್ಟ್ ತೊಳೆದ್ರೆ ಮೂರು ದಿನ ಆದ್ರೂ ಒಣಗ್ತಿಲ್ಲ ಅಣ್ಣಾ, ಇನ್ನೊಂದು ಜೊತೆ ಬೇಕು ಅಂದ್ಳು. ಕತ್ತರಿಸಿ ಇಟ್ಟಿದೀನಿ, ವೆಲ್ಕ್ರೋ ಹೊಲಿಯೋದು ಬಾಕಿ.