ಕೂದಲೆಳೆಯಷ್ಟು ಗೆರೆ

ರಾತ್ರಿ ಒಂದೂವರೆಗೆ ಬಂದ ಸರಕು ವಿಮಾನದ, ದೋಷ ಬರೆದಿಡುವ ಪುಸ್ತಕವಾದ ಟೆಕ್ ಲಾಗ್‌ನಲ್ಲಿ ಪೈಲಟ್ ಎರಡೇ ಪದ ಬರೆದಿದ್ದರು: ಹಾರ್ಡ್ ಲ್ಯಾಂಡಿಂಗ್. ನಮ್ಮವರ ಮಾತಲ್ಲಿ ಹೇಳಬೇಕಂದ್ರೆ ವಿಮಾನ ಇಳಿದಿಲ್ಲ, ಬಿದ್ದಿದೆ. ನನಗೆ ವಿಮಾನ ತಪಾಸಣೆ-ರಿಪೇರಿಯ ಎಂಜಿನಿಯರ್ ಲೈಸೆನ್ಸ್ ಸಿಕ್ಕಿ ಆಗ ವರ್ಷವೂ ತುಂಬಿರಲಿಲ್ಲ.

ಅದು ಬೋಯಿಂಗ್ 747-400. ಪೂರ್ತಿ ತುಂಬಿಕೊಂಡು ಹೊರಟರೆ ಸುಮಾರು 397 ಟನ್. ಅಷ್ಟನ್ನೂ ಹೊರುವುದು 18 ಚಕ್ರಗಳು. ಮೂಗಿನಡಿ ಎರಡು. ಉಳಿದ 16, ರೆಕ್ಕೆಯಡಿಯ ಎರಡು ಕಾಲು ಮತ್ತು ಹೊಟ್ಟೆಯಡಿಯ ಎರಡು ಕಾಲಿಗೆ ನಾಲ್ಕು ನಾಲ್ಕರಂತೆ.

"ಮೊದಲು ಪಿನ್ ಒಳಗೆ ಹೋಗಲಿ, ಆಮೇಲೆ ನಿನ್ನ ತಲೆ" ಅಂದರು ನಮ್ಮ ಹಿರಿಯ ಎಂಜಿನಿಯರ್. ಕಾಲು ಮಡಚಿಕೊಳ್ಳದಂತೆ ಹಾಕುವ ಲಾಕ್ ಪಿನ್‌ಗಳವು, ಒಂದೊಂದಕ್ಕೂ ಕೆಂಪು ಪಟ್ಟಿ ನೇತಾಡುತ್ತಿರುತ್ತದೆ. ಐದೂ ಹಾಕಿ, ಟಾರ್ಚ್ ಹಿಡಿದು ಒಳಗೆ ನುಗ್ಗಿದೆ.

ಗೇರ್, ಅಂದ್ರೆ ವಿಮಾನದ ಕಾಲು-ಚಕ್ರ, ನೋಡುವ ಕೆಲಸದಲ್ಲಿ ಅರ್ಧ ಸಮಯ ಒರೆಸುವುದಕ್ಕೇ ಹೋಗುತ್ತದೆ. ಗ್ರೀಸ್, ಬ್ರೇಕ್ ಪುಡಿ, ರನ್‌ವೇ ಕೊಳೆ ಎಲ್ಲ ಸೇರಿ ಕಪ್ಪು ಹಲ್ವದ ಹಾಗಿರುತ್ತದೆ. ಎಣ್ಣೆ ಸೋರಿದ್ದರೆ ಬಣ್ಣವೇ ದಾರಿ ತೋರಿಸುತ್ತದೆ. ಇಳಿಯುವಾಗಿನ ಹೊಡೆತ ನುಂಗುವ ಕಂಬ ಸ್ಟ್ರಟ್, ಅದರೊಳಗಿನದು ಕೆಂಪು, ಹೈಡ್ರಾಲಿಕ್ ಪೈಪಿನದು ನೇರಳೆ. ಎಡಗಡೆ ಒಂದು ಬ್ರೇಕ್ ಹತ್ತಿರ ನೇರಳೆ ಪಸೆ ಇತ್ತು. ಒರೆಸಿ ಹತ್ತು ನಿಮಿಷ ಬಿಟ್ಟು ನೋಡಿದೆ, ಮತ್ತೆ ಬಂದಿರಲಿಲ್ಲ. ಹಳೇದು.

ಬಲಗಡೆ ಹೊಟ್ಟೆಯಡಿಯ ಕಾಲಿನಲ್ಲಿ, ಕತ್ತರಿ ಥರ ಮಡಚುವ ಟಾರ್ಷನ್ ಲಿಂಕ್ ಸ್ಟ್ರಟ್‌ಗೆ ಸೇರುವ ಕಡೆ ಕೂದಲು ಅಂಟಿದ ಹಾಗೆ ಕಂಡಿತು. ಒರೆಸಿದೆ, ಹೋಗಲಿಲ್ಲ. ಟಾರ್ಚನ್ನು ಪಕ್ಕಕ್ಕೆ ಓರೆಯಾಗಿ ಹಿಡಿದಾಗ ಗೆರೆಗೆ ಸಣ್ಣ ನೆರಳು ಬಿತ್ತು. ಉಗುರು ಆಡಿಸಿದರೆ ತಡೆದ ಹಾಗೂ ಇತ್ತು, ತಡೆಯದ ಹಾಗೂ ಇತ್ತು.

"ಬಿರಿದಿರೋದು ಪೇಂಟಾ, ಸ್ಟೀಲಾ?" ಅಂತ ಹಿರಿಯರು ಕೇಳಿದರು.

"ಗೊತ್ತಾಗ್ತಿಲ್ಲ ಸಾರ್."

"ಹಾಗಾದ್ರೆ ಅದನ್ನೇ ಬರಿ."

ಸುಮ್ನೆ ಸ್ವಲ್ಪ ಕೆರೆದು ನೋಡೋಣ ಅಂತ ಕಿಸೆಯಿಂದ ಚಾಕು ತೆಗೆದಿದ್ದೆ. ಅವರು ಮಣಿಕಟ್ಟು ಹಿಡಿದುಬಿಟ್ಟರು. ಈ ಸ್ಟೀಲು ಭಾರೀ ಗಟ್ಟಿ, ಆದರೆ ಗಾಯ ತಡೆಯಲ್ಲ. ಒಂದು ಗೀರು ಬಿದ್ದರೂ ಬಿರುಕು ಅಲ್ಲಿಂದಲೇ ಹೊರಡಬಹುದು. ಪೇಂಟ್ ತೆಗೆಯಲು ಸಿಕ್ಕಿದ ಆಸಿಡ್ ದ್ರಾವಣ ಹಚ್ಚಿದರೆ ಇನ್ನೂ ಕೆಟ್ಟದ್ದು. ಲೋಹದೊಳಗೆ ಹೈಡ್ರೋಜನ್ ಸೇರಿಕೊಂಡು, ಭಾರ ಹೊತ್ತ ಭಾಗ ಎಷ್ಟೋ ಹೊತ್ತಾದ ಮೇಲೆ ಫಟ್ಟಂತ ಮುರಿಯುತ್ತದೆ.

ಅಷ್ಟರಲ್ಲಿ ಲೋಡಿಂಗ್ ಉಸ್ತುವಾರಿ ಮೂರು ಸಲ ಬಂದು ಹೋದರು. ಮೂರನೇ ಸಲ ಗೆರೆಯನ್ನು ತಾವೇ ಬಗ್ಗಿ ನೋಡಿ, "ಇಷ್ಟಕ್ಕಾ?" ಅಂದರು. ಅವರದ್ದೇನೂ ತಪ್ಪಿಲ್ಲ, ನನಗೂ ಒಳಗೆ ಹಾಗೇ ಅನಿಸುತ್ತಿತ್ತು. ಆದರೆ 2016ರ ಅಕ್ಟೋಬರ್‌ನಲ್ಲಿ ಫೋರ್ಟ್ ಲಾಡರ್‌ಡೇಲ್‌ನಲ್ಲಿ ನಡೆದದ್ದನ್ನು ಓದಿದ್ದೆ. ಇಳಿದು ಓಡುತ್ತಿದ್ದ ಎಂಡಿ-10 ಸರಕು ವಿಮಾನದ ಎಡಗಾಲು ಕುಸಿದು ಬೆಂಕಿ ಹತ್ತಿತ್ತು. ಒಳಗಿದ್ದ ಇಬ್ಬರೂ ಬದುಕಿದರು. ಬಿರುಕಿನ ಮೂಲ ಹುಡುಕಿದರೆ ಸಿಕ್ಕಿದ್ದು ತುಕ್ಕು ಕೊರೆದ ಒಂದು ಪುಟ್ಟ ಕುಳಿ. ಅಲ್ಲಿ ಇರಬೇಕಿದ್ದ, ತುಕ್ಕು ತಡೆಯುವ ಕ್ಯಾಡ್ಮಿಯಂ ಲೇಪವೇ ಇರಲಿಲ್ಲ. ಜೊತೆಗೆ ಗೇರ್ ಬಿಚ್ಚಿ ಓವರ್‌ಹಾಲ್ ಮಾಡುವ ಗಡುವನ್ನೂ ತಯಾರಕರು ಹೇಳಿದ್ದಕ್ಕಿಂತ ಮುಂದಕ್ಕೆ ಹಾಕಿದ್ದರು.

ಬಿರುಕು ಪರೀಕ್ಷೆಯವರು ಬಂದಾಗ ಬೆಳಗಿನ ಐದು ಗಂಟೆ. ಲೋಹದಲ್ಲಿ ವಿದ್ಯುತ್ ಸುಳಿ ಎಬ್ಬಿಸಿ ಬಿರುಕು ಹುಡುಕುವ ಎಡ್ಡಿ ಕರೆಂಟ್ ಯಂತ್ರವನ್ನು ಮೊದಲು ಬಿರುಕಿರುವ ಒಂದು ಸಣ್ಣ ಸ್ಟೀಲ್ ತುಂಡಿನ ಮೇಲೆ ಸರಿಹೊಂದಿಸಿಕೊಂಡರು. ಪೆನ್ನಿನಂಥ ಪ್ರೋಬ್ ಬಿರುಕು ದಾಟಿದ ಕೂಡಲೇ ಪರದೆಯ ಚುಕ್ಕೆ ಮೇಲಕ್ಕೆ ಹಾರುತ್ತಿತ್ತು. ಆಮೇಲೆ ನಮ್ಮ ಗೆರೆಯ ಮೇಲೆ ಅಡ್ಡಡ್ಡ ಎಳೆದರು. ನಾನು ಗೆರೆ ನೋಡಲೇ ಇಲ್ಲ, ಚುಕ್ಕೆಯನ್ನೇ ನೋಡುತ್ತಿದ್ದೆ. ಕದಲಲಿಲ್ಲ. ಮತ್ತೆ ಎಳೆದರು. ಕದಲಲಿಲ್ಲ.

ಪೇಂಟು.

ಮೂರೂವರೆ ಗಂಟೆ ತಡ, ಪೇಂಟಿಗೋಸ್ಕರ! ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಹಿರಿಯರು ಮಾತ್ರ ಏನೂ ಅನ್ನದೆ ಪ್ರೈಮರ್ ಡಬ್ಬಿ ತರಿಸಿದರು. "ಬಿರಿದ ಪೇಂಟಿನೊಳಗೆ ನೀರು ಕೂರುತ್ತೆ ಅಲ್ವಾ, ಮುಚ್ಚು" ಅಂದರು.

ಉಳಿದ ತಪಾಸಣೆಯೂ ಮುಗಿದು ಸಹಿ ಬಿತ್ತು. ಹೊರಡುವ ಮುಂಚೆ ಪಿನ್‌ಗಳನ್ನು ಕಿತ್ತು, ಕಾಕ್‌ಪಿಟ್ಟಿಗೆ ಕಾಣುವ ಹಾಗೆ ಎತ್ತಿ ಹಿಡಿದೆ. ಮೇಲಿನಿಂದ ಪೈಲಟ್ ಬೆರಳು ಮಡಚಿ ಮಡಚಿ ಐದೂ ಎಣಿಸಿಕೊಂಡರು.