ಚೋಕ್ ತೆಗೆದ್ರೆ ವೀಡ್ ಕಟರ್ ಆಫ್ ಆಗ್ತಿದ್ಯಾ?

ಮಳೆ ಶುರುವಾಗಿ ತೋಟದಲ್ಲಿ ಕಳೆ ಹೊಡೆಯೋಕೆ ಅಂತ ಮಷೀನ್ ಹೊರಗೆ ತೆಗೆದ್ರೆ ಸುಮಾರು ಜನರದ್ದು ಇದೇ ಕಂಪ್ಲೇಂಟು, ಚೋಕ್ ಹಾಕಿದ್ರೆ ಓಡುತ್ತೆ, ತೆಗೆದ ತಕ್ಷಣ ಆಫ್. ಚೋಕ್ ಹಾಕಿದ್ರೆ ಗಾಳಿ ಕಮ್ಮಿಯಾಗಿ ಪೆಟ್ರೋಲ್ ಜಾಸ್ತಿ ಹೋಗುತ್ತೆ, ಅಂದ್ರೆ ಅದಿಲ್ದೆ ಇಂಜಿನ್‌ಗೆ ಪೆಟ್ರೋಲ್ ಸಾಲ್ತಿಲ್ಲ, ಸುಮ್ನೆ ಪ್ಲಗ್ ಬದಲಾಯಿಸಿ ದುಡ್ಡು ಹಾಳು ಮಾಡ್ಬೇಡಿ. ಮೊದಲು ಟ್ಯಾಂಕ್ ಮುಚ್ಚಳ ಸ್ವಲ್ಪ ಸಡಿಲ ಮಾಡಿ ನೋಡಿ, ಸರಿಯಾಗಿ ಓಡಿದ್ರೆ ಮುಚ್ಚಳದಲ್ಲಿ ಗಾಳಿ ಹೋಗೋ ತೂತು ಕಟ್ಟಿದೆ ಅಷ್ಟೇ. ಇಲ್ಲಾಂದ್ರೆ ಟ್ಯಾಂಕೊಳಗಿನ ಫಿಲ್ಟರ್ ನೋಡಿ, ಅದೂ ಸರಿ ಇದ್ರೆ ಗಾಳಿ-ಪೆಟ್ರೋಲ್ ಬೆರೆಸೋ ಕಾರ್ಬೊರೇಟರ್ ಬಿಚ್ಚಲೇಬೇಕು.

ಈಗಿನ ಪೆಟ್ರೋಲಲ್ಲಿ 20% ವರೆಗೂ ಎಥನಾಲ್ ಇರುತ್ತೆ, ಅದು ಗಾಳೀಲಿರೋ ತೇವ ಎಳ್ಕೊಳ್ಳುತ್ತೆ, ತಿಂಗಳುಗಟ್ಟಲೆ ಹಾಗೇ ಬಿಟ್ರೆ ಪೆಟ್ರೋಲ್ ಆರಿ ಕಂದು ಬಣ್ಣದ ಅಂಟು ಕಾರ್ಬೊರೇಟರ್ ಜೆಟ್ಟಿನ (ಪೆಟ್ರೋಲ್ ಹಾಯೋ ಪುಟ್ಟ ನಳಿಕೆ) ತೂತಲ್ಲಿ ಕೂತ್ಕೊಳ್ಳುತ್ತೆ. ಜೆಟ್ ಬಿಚ್ಚಿ ಬೆಳಕಿಗೆ ಹಿಡೀರಿ, ಕೂದಲೆಳೆಯಷ್ಟು ತೂತು ಗುಂಡಗೆ ಕಾಣಬೇಕು. ದಯವಿಟ್ಟು ತಂತಿ ಚುಚ್ಬೇಡಿ, ತೂತು ಸ್ವಲ್ಪ ದೊಡ್ಡದಾದ್ರೂ ಪೆಟ್ರೋಲ್ ಲೆಕ್ಕ ತಪ್ಪುತ್ತೆ. ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿದ್ರೆ ಸಾಕು, ಆದ್ರೆ ಡಯಾಫ್ರಾಮ್ (ಕಾರ್ಬೊರೇಟರ್ ಒಳಗಿನ ತೆಳ್ಳನೆ ಪೊರೆ) ಮೊದಲೇ ತೆಗೆದಿಡಿ, ಸ್ಪ್ರೇ ತಾಗಿದ್ರೆ ಅದು ಹಾಳಾಗುತ್ತೆ. ಮುಟ್ಟಿದಾಗ ಮೆತ್ತಗಿರ್ಬೇಕು, ಗಟ್ಟಿಯಾಗಿದ್ರೆ ಹೊಸದೇ ಹಾಕಿ.

ಸೀಸನ್ ಮುಗಿದ್ಮೇಲೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನೇ ನಿಲ್ಲೋವರೆಗೂ ಓಡಿಸಿ ಎತ್ತಿಡಿ.